ಹನ್ನೆರಡು ಗಂಟೆಯ ರೈಲು, ಮುಚ್ಚಿದ ಬಾಗಿಲುಗಳು

ನಮ್ಮಲ್ಲಿ ‘ವೆಸ್ಟರ್ನ್ ಸಿನಿಮಾ’ ಎಂದರೆ ಹಲವರಿಗೆ ಯಾವುದೋ ಇಂಗ್ಲಿಷ್ ಸಿನಿಮಾ. ಸಿನಿಮಾ ಚರಿತ್ರೆಯಲ್ಲಿ ಮಾತ್ರ ಆ ಹೆಸರು ಒಂದೇ ಜಾತಿಯ ಚಿತ್ರಗಳಿಗೆ ಸೇರಿದ್ದು: ಅಮೆರಿಕದ ಪಶ್ಚಿಮದ ಬಯಲು, ಕುದುರೆ, ಕೌಬಾಯ್, ಎದೆಗೆ ತಗಡಿನ ನಕ್ಷತ್ರ ಸಿಕ್ಕಿಸಿಕೊಂಡ ಮಾರ್ಷಲ್. ಈ ಗಾಳಿ ಕರ್ನಾಟಕಕ್ಕೂ ಬೀಸಿದೆ. ಕುರೋಸಾವಾ ಅವರ ‘ಸೆವೆನ್ ಸಮುರಾಯ್’ (1954) ಹಾಲಿವುಡ್‌ನಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960) ಆಯಿತು. ಆ ಕಥೆಯ ನೆರಳು, ಸರ್ಜಿಯೊ ಲಿಯೋನೆ ಚಿತ್ರಗಳ ನೆರಳು ಎರಡೂ ಸೇರಿ 1975ರಲ್ಲಿ ‘ಶೋಲೆ’ಯಾಗಿ ರಾಮನಗರದ ಬಂಡೆಗಳ ಮೇಲೆ ಬಿದ್ದವು.

ಈ ಚಿತ್ರಗಳು ತೋರಿಸುವ ಕಾಲ ನಿಜಕ್ಕೂ ಬಹಳ ಚಿಕ್ಕದು. ಟೆಕ್ಸಾಸ್‌ನ ದನದ ಹಿಂಡುಗಳನ್ನು ಕಾನ್ಸಾಸ್‌ನ ರೈಲು ನಿಲ್ದಾಣಗಳವರೆಗೆ ಹೊಡೆದುಕೊಂಡು ಹೋಗುವ ದಂಧೆ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಜೋರಾಗಿ, ಸುಮಾರು ಇಪ್ಪತ್ತು ವರ್ಷಗಳಲ್ಲಿ ತಣ್ಣಗಾಯಿತು. ವಲಸಿಗರು ಮುಂದೆ ಸರಿಯುತ್ತಿದ್ದ ಗಡಿ ಎಂಬುದು ಇನ್ನು ಉಳಿದಿಲ್ಲ ಎಂದು 1890ರ ಜನಗಣತಿಯೇ ಸಾರಿತು. ‘ದಿ ಗ್ರೇಟ್ ಟ್ರೇನ್ ರಾಬರಿ’ ಬಂದದ್ದು 1903ರಲ್ಲಿ. ಅದರ ಚಿತ್ರೀಕರಣವಾದದ್ದೂ ಪಶ್ಚಿಮದಲ್ಲಲ್ಲ, ಹೆಚ್ಚಾಗಿ ಪೂರ್ವ ತೀರದ ನ್ಯೂಜೆರ್ಸಿಯಲ್ಲಿ. ಅಂದರೆ ಈ ಜಾತಿಯ ಚಿತ್ರಗಳು ಹುಟ್ಟುವಾಗಲೇ ಅವುಗಳ ಲೋಕ ನೆನಪಾಗಿ ಹೋಗಿತ್ತು. ಹಾಗಾಗಿ ಪ್ರತಿಯೊಂದು ತಲೆಮಾರೂ ಆ ಖಾಲಿ ಬಯಲಿನಲ್ಲಿ ತನ್ನ ಕಾಲದ ಜಗಳವನ್ನೇ ತಂದು ನಿಲ್ಲಿಸಿತು. ವೆಸ್ಟರ್ನ್‌ಗಳ ಸೆಳೆತದ ಗುಟ್ಟು ಇದೇ ಎಂದು ನನ್ನ ಭಾವನೆ. ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನನಗೆ ಬಹಳ ಇಷ್ಟವಾದ ‘ಹೈ ನೂನ್’ (1952) ಚಿತ್ರದಲ್ಲಿ.

ಕಥೆ ಸರಳ. ಹ್ಯಾಡ್ಲಿವಿಲ್ ಎಂಬ ಸಣ್ಣ ಊರಿನ ಮಾರ್ಷಲ್ ವಿಲ್ ಕೇನ್ ಅಂದು ಬೆಳಿಗ್ಗೆ ತಾನೇ ಮದುವೆಯಾಗಿ, ಕೆಲಸ ಬಿಟ್ಟು ಹೊರಡುವವನಿದ್ದಾನೆ. ಅಷ್ಟರಲ್ಲಿ ಸುದ್ದಿ ಬರುತ್ತದೆ: ಅವನು ಜೈಲಿಗಟ್ಟಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ. ಅವನ ಮೂವರು ಸಂಗಡಿಗರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ. ಚಿತ್ರದ ಉದ್ದ 85 ನಿಮಿಷ. ಕಥೆಯ ಗಡಿಯಾರವೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡುತ್ತದೆ. ಗುಂಡಿನ ಕಾಳಗ ಕೊನೆಯ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕೇನ್ ಮನೆಮನೆ ಅಲೆದು ನೆರವು ಕೇಳುತ್ತಾನೆ, ಊರಿನವರು ಕಾರಣ ಹೇಳುತ್ತಾರೆ.

ಆ ಕಾರಣಗಳನ್ನು ಗಮನವಿಟ್ಟು ಕೇಳಬೇಕು. ಮಿಲ್ಲರ್‌ಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶ ಗೋಡೆಯ ಮೇಲಿನ ಧ್ವಜವನ್ನೂ ನ್ಯಾಯದ ತಕ್ಕಡಿಯನ್ನೂ ಚೀಲಕ್ಕೆ ತುಂಬಿ ಕುದುರೆ ಏರುತ್ತಾನೆ. ಒಬ್ಬ ಗೆಳೆಯ ಒಳಗೆ ಅಡಗಿ, ಮನೆಯಲ್ಲಿಲ್ಲ ಎಂದು ಹೆಂಡತಿಯಿಂದ ಹೇಳಿಸುತ್ತಾನೆ. ಎಲ್ಲರಿಗಿಂತ ಮೊದಲು ಜೊತೆಗೆ ಬರುತ್ತೇನೆಂದವನು, ಬೇರೆ ಯಾರೂ ಬಂದಿಲ್ಲ ಎಂದು ಗೊತ್ತಾದೊಡನೆ ಹೆಂಡತಿ ಮಕ್ಕಳ ನೆನಪು ಮಾಡಿಕೊಳ್ಳುತ್ತಾನೆ. ಚರ್ಚಿನಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ಕೊನೆಗೆ ಮಾತಾಡುವ ಊರ ಹಿರಿಯ ಹೆಂಡರ್‌ಸನ್ ಕೇನ್‌ನನ್ನು ಹಾಡಿ ಹೊಗಳಿ, ಬೀದಿಯಲ್ಲಿ ಗುಂಡು ಹಾರಿದರೆ ಉತ್ತರದಿಂದ ಬಂಡವಾಳ ತರುವವರು ಹಿಂಜರಿದಾರು, ಆದ್ದರಿಂದ ನೀನೇ ಊರು ಬಿಡು ಎನ್ನುತ್ತಾನೆ. ಇವರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ. ಮೀಟಿಂಗಿನಲ್ಲಿ ಬಾಯಿ ಬಿಡದೆ, ಆಮೇಲೆ ಕಾಫಿ ಮಷೀನಿನ ಹತ್ತಿರ ಬಂದು “ನೀವು ಹೇಳಿದ್ದೇ ಸರಿ” ಎನ್ನುವವರನ್ನು ಕಂಡ ನಮಗೆ ಈ ಊರು ಅಪರಿಚಿತವಲ್ಲ.

ಈ ಮಾತುಗಳು ಇಷ್ಟು ನಿಜವೆನಿಸಲು ಕಾರಣವಿದೆ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಹಿಂದೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದು ಹೊರಬಂದವರು. 1947ರಿಂದ ಅಮೆರಿಕ ಸಂಸತ್ತಿನ ‘ಅಮೆರಿಕ ವಿರೋಧಿ ಚಟುವಟಿಕೆಗಳ ಸಮಿತಿ’ ಹಾಲಿವುಡ್‌ನವರನ್ನು ಕರೆಸಿ ವಿಚಾರಿಸುತ್ತಿತ್ತು. ಜೊತೆಗಿದ್ದವರ ಹೆಸರು ಹೇಳಿದವರಿಗೆ ಕೆಲಸ ಉಳಿಯುತ್ತಿತ್ತು, ಹೇಳದವರು ಕಪ್ಪುಪಟ್ಟಿ ಸೇರುತ್ತಿದ್ದರು. 1951ರಲ್ಲಿ ಫೋರ್‌ಮನ್‌ಗೂ ಸಮನ್ಸ್ ಬಂತು. ಚಿತ್ರೀಕರಣ ನಡೆಯುತ್ತಿದ್ದಾಗಲೇ, ಸೆಪ್ಟೆಂಬರಿನಲ್ಲಿ, ಅವರು ಸಮಿತಿಯ ಮುಂದೆ ಕೂತು ಯಾರ ಹೆಸರನ್ನೂ ಹೇಳಲಿಲ್ಲ. ರಸ್ತೆಯಲ್ಲಿ ಗೆಳೆಯರು ಮುಖ ತಪ್ಪಿಸತೊಡಗಿದರು. ಅವರಾಡಿದ ಮಾತುಗಳೇ ಸಂಭಾಷಣೆಗೆ ಬಂದವೆಂದು ಫೋರ್‌ಮನ್ ಆಮೇಲೆ ಹೇಳಿಕೊಂಡಿದ್ದಾರೆ. ವ್ಯವಹಾರದ ಪಾಲುದಾರರಾಗಿದ್ದ ಸ್ಟ್ಯಾನ್ಲಿ ಕ್ರೇಮರ್ ದೂರವಾದರು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಫೋರ್‌ಮನ್ ಲಂಡನ್ ಸೇರಿದ್ದರು.

ನಿರ್ದೇಶಕ ಫ್ರೆಡ್ ಝಿನ್ನೆಮನ್ ಇದನ್ನು ರಾಜಕೀಯದ ಚಿತ್ರವೆಂದು ಒಪ್ಪಲಿಲ್ಲ, ಒಬ್ಬ ಮನುಷ್ಯನ ಆತ್ಮಸಾಕ್ಷಿಯ ಕಥೆ ಎಂದರು. ಅವರು ಯಹೂದಿ, ತಂದೆ ತಾಯಿಯನ್ನು ನಾಜಿಗಳ ನರಮೇಧದಲ್ಲಿ ಕಳೆದುಕೊಂಡವರು. ಬಾಗಿಲು ಮುಚ್ಚಿಕೊಂಡ ಊರುಗಳ ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನು ನಾಯಕ ಗ್ಯಾರಿ ಕೂಪರ್ ಬಲಪಂಥದವರು. 1947ರಲ್ಲಿ ಸಮಿತಿಯ ಮುಂದೆ ಸ್ನೇಹಪರ ಸಾಕ್ಷಿಯಾಗಿ ಕೂತವರೇ. ಆದರೂ ಫೋರ್‌ಮನ್ ಪರ ಮಾತಾಡಿದರು, ಅವರ ಹೊಸ ಕಂಪನಿಯಲ್ಲಿ ಹಣ ಹೂಡಲೂ ಮುಂದಾದರು. ಒತ್ತಡ ಹೆಚ್ಚಾದಾಗ ಹಿಂದೆ ಸರಿದರು. ಪರದೆಯ ಮೇಲೆ ಕೊನೆಯವರೆಗೂ ನಿಂತ ಮನುಷ್ಯನಿಗೂ ನಿಜಜೀವನದಲ್ಲಿ ಅಷ್ಟೇ ಸಾಧ್ಯವಾಯಿತು ಎಂಬುದನ್ನು ನೆನೆದರೆ ಹ್ಯಾಡ್ಲಿವಿಲ್‌ನವರನ್ನು ಬೈಯುವ ದನಿ ತುಸು ತಗ್ಗುತ್ತದೆ.

ಚಿತ್ರವನ್ನು ಕಂಡು ಕಿಡಿಕಿಡಿಯಾದವರು ಜಾನ್ ವೇನ್. ಆಗ ಅವರು ಹಾಲಿವುಡ್‌ನ ಕಮ್ಯುನಿಸ್ಟ್ ವಿರೋಧಿ ಸಂಘದ ಅಧ್ಯಕ್ಷರು. ತಮಾಷೆಯೆಂದರೆ, ಈ ಪಾತ್ರಕ್ಕೆ ಕೂಪರ್‌ಗೆ ಆಸ್ಕರ್ ಬಂದಾಗ, ಊರಲ್ಲಿರದ ಗೆಳೆಯನ ಪರವಾಗಿ ವೇದಿಕೆಯೇರಿ ಅದನ್ನು ಪಡೆದವರೂ ವೇನ್ ಅವರೇ. 1959ರಲ್ಲಿ ಅವರು ನಿರ್ದೇಶಕ ಹೊವಾರ್ಡ್ ಹಾಕ್ಸ್ ಜೊತೆ ಸೇರಿ ಉತ್ತರ ಕೊಟ್ಟರು: ‘ರಿಯೊ ಬ್ರಾವೊ’. ಕಸುಬು ಬಲ್ಲ ಶೆರಿಫ್ ಊರೆಲ್ಲ ಅಲೆದು ನೆರವು ಬೇಡುವುದಿಲ್ಲ ಎಂಬುದು ಹಾಕ್ಸ್ ವಾದ. ಅಲ್ಲಿನ ಶೆರಿಫ್ ಮುಂದೆ ಬಂದವರನ್ನೂ ಬೇಡವೆನ್ನುತ್ತಾನೆ. ಆದರೆ ಕೊನೆಗೆ ಅವನನ್ನು ಉಳಿಸುವವರು ಯಾರು? ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಎಳೆಯ ಹುಡುಗ. ‘ಹೈ ನೂನ್’ನಲ್ಲೂ ಒಬ್ಬ ಒಕ್ಕಣ್ಣಿನ ಕುಡುಕ ಮತ್ತು ಒಬ್ಬ ಹುಡುಗ ತಾವಾಗಿ ಬಂದಿದ್ದರು. ಕೇನ್ ಅವರನ್ನು ವಾಪಸು ಕಳಿಸಿದ್ದ. ಜಗಳಕ್ಕೆಂದು ತೆಗೆದ ಚಿತ್ರ ಹೀಗೆ ಮೊದಲನೆಯದಕ್ಕೆ ಒಂದು ಒಳ್ಳೆಯ ಅಡಿಟಿಪ್ಪಣಿಯಾಯಿತು: ಗಣ್ಯರು ಕೈಬಿಟ್ಟಾಗ ನಾವು ಲೆಕ್ಕಕ್ಕೇ ತೆಗೆದುಕೊಳ್ಳದವರು ಬಾಗಿಲಲ್ಲಿ ನಿಂತಿರುತ್ತಾರೆ. ನನಗೆ ಎರಡೂ ಚಿತ್ರ ಬೇಕು.

‘ಹೈ ನೂನ್’ ಕೊನೆಯಲ್ಲಿ ಕೇನ್‌ಗೆ ನೆರವಾಗುವವಳು ಹಿಂಸೆಯನ್ನೇ ಒಪ್ಪದ ಕ್ವೇಕರ್ ಪಂಥದ ಅವನ ಹೆಂಡತಿ ಏಮಿ. ಎಲ್ಲ ಮುಗಿದ ಮೇಲೆ ಜನ ಬೀದಿಗೆ ಬರುತ್ತಾರೆ. ಕೇನ್ ಒಂದು ಮಾತೂ ಆಡದೆ ನಕ್ಷತ್ರವನ್ನು ಕಿತ್ತು ಮಣ್ಣಿಗೆಸೆದು, ಏಮಿಯೊಂದಿಗೆ ಗಾಡಿ ಏರಿ ಹೊರಟುಹೋಗುತ್ತಾನೆ.

ಆ ನಕ್ಷತ್ರ ಅಲ್ಲಿಗೇ ಬಿದ್ದಿರಲಿಲ್ಲ. 1989ರ ಜೂನ್ 4ರಂದು ಪೋಲೆಂಡ್‌ನಲ್ಲಿ ಚುನಾವಣೆ ನಡೆದಾಗ ‘ಸಾಲಿಡಾರಿಟಿ’ ಸಂಘಟನೆಯ ಒಂದು ಪೋಸ್ಟರ್‌ನಲ್ಲಿ ಅದೇ ಗ್ಯಾರಿ ಕೂಪರ್ ನಡೆದು ಬರುತ್ತಿದ್ದರು. ನಕ್ಷತ್ರದ ಮೇಲೆ ಸಾಲಿಡಾರಿಟಿಯ ಬ್ಯಾಡ್ಜ್, ಕೈಯಲ್ಲಿ ಮತಪತ್ರ. ಪಿಸ್ತೂಲು ಇರಲಿಲ್ಲ. ಕಮ್ಯುನಿಸ್ಟ್ ಎಂಬ ಹಣೆಪಟ್ಟಿ ಹೊತ್ತು ದೇಶ ಬಿಟ್ಟವನು ಬರೆದ ಪಾತ್ರ ಕಮ್ಯುನಿಸ್ಟ್ ಸರ್ಕಾರದ ಎದುರು ನಿಂತಿತ್ತು. ಸ್ಪರ್ಧೆಗೆ ಬಿಟ್ಟುಕೊಟ್ಟಿದ್ದ ಕೆಳಮನೆಯ 161 ಸ್ಥಾನಗಳನ್ನೂ, ಮೇಲ್ಮನೆಯ 100ರಲ್ಲಿ 99ನ್ನೂ ಸಾಲಿಡಾರಿಟಿ ಗೆದ್ದಿತು. ಆ ಸಲ ಊರಿನವರು ಮನೆಯೊಳಗೆ ಕೂರಲಿಲ್ಲ.