ಕರಾಚಿ–ಮುಂಬೈ: ಒಂದೂವರೆ ತಾಸಿನ ದೂರ

ಕರಾಚಿಯಿಂದ ಮುಂಬೈಗೆ ವಿಮಾನದ ನೇರ ದಾರಿ ಸುಮಾರು 875 ಕಿ.ಮೀ. ಜೆಟ್ ವಿಮಾನಕ್ಕೆ ಒಂದೂವರೆ ತಾಸು ಸಾಕು. ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆ ರೆಕ್ಕೆ ಬಿಚ್ಚಿದ್ದು ಇದೇ ಮಾರ್ಗದಲ್ಲಿ.

1929ರಿಂದಲೇ ಲಂಡನ್ನಿನ ಟಪಾಲು ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬರುತ್ತಿತ್ತು. ಸಮುದ್ರ, ಮರುಭೂಮಿಗಳನ್ನು ಹಾರಿ ಬಂದ ಕಾಗದ ಅಲ್ಲಿಂದ ಬೊಂಬಾಯಿ, ಮದ್ರಾಸುಗಳಿಗೆ ಹೋಗಬೇಕಾದರೆ ರೈಲೇ ಗತಿ. ವಿಮಾನದಿಂದ ಉಳಿಸಿದ ಸಮಯವೆಲ್ಲ ಹಳಿಯ ಮೇಲೆ ಕಳೆದುಹೋಗುತ್ತಿತ್ತು. ಈ ಕೊರತೆಯನ್ನು ಮೊದಲು ಗುರುತಿಸಿದವರಲ್ಲಿ ಬ್ರಿಟಿಷ್ ವಾಯುಪಡೆಯ ಮಾಜಿ ಪೈಲಟ್ ನೆವಿಲ್ ವಿನ್ಸೆಂಟ್ ಒಬ್ಬರು. ಅವರ ಯೋಜನೆಗೆ ಜೆ.ಆರ್.ಡಿ. ಟಾಟಾ ಕೈಜೋಡಿಸಿದರು. ಸರ್ಕಾರದಿಂದ ಸಹಾಯಧನ ಸಿಗಲಿಲ್ಲ. ಅದಿಲ್ಲದೆಯೇ ಕೆಲಸಕ್ಕೆ ಇಳಿದರು.

1932ರ ಅಕ್ಟೋಬರ್ 15. ಬೆಳಗಿನ ಆರೂವರೆ ದಾಟಿದ ಹೊತ್ತಿಗೆ ಕರಾಚಿಯ ಡ್ರಿಘ್ ರೋಡ್ ನಿಲ್ದಾಣದಿಂದ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನ ಮೇಲೇರಿತು. ಪೈಲಟ್ 28 ವರ್ಷದ ಜೆ.ಆರ್.ಡಿ. ಹೊರೆ ಸುಮಾರು 25 ಕೆ.ಜಿ. ಟಪಾಲು. ರೇಡಿಯೊ ಇಲ್ಲ, ದಾರಿ ತೋರುವ ಉಪಕರಣಗಳೂ ಇಲ್ಲ. ಕೆಳಗೆ ಕಾಣುವ ನೆಲವನ್ನು ನೋಡಿಕೊಂಡೇ ಹಾರಬೇಕು. ಅಹಮದಾಬಾದಿನಲ್ಲಿ ಇಳಿದಾಗ ಬರ್ಮಾ ಶೆಲ್ ಕಂಪನಿಯ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಇಂಧನ ತುಂಬಿಸಿಕೊಂಡು ಹೊರಟ ವಿಮಾನ ಮಧ್ಯಾಹ್ನ ಎರಡರೊಳಗೆ ಮುಂಬೈಯ ಜುಹುವಿನ ಕೆಸರು ಬಯಲಲ್ಲಿ ಇಳಿಯಿತು. ಒಟ್ಟು ಏಳು ತಾಸಿಗೂ ಮಿಕ್ಕ ಪ್ರಯಾಣ.

ಟಪಾಲು ಅಲ್ಲಿಗೇ ನಿಲ್ಲಲಿಲ್ಲ. ವಿನ್ಸೆಂಟ್ ಅದನ್ನು ಹೊತ್ತು ಮದ್ರಾಸಿನ ಕಡೆ ಹಾರಿದರು. ಕತ್ತಲಲ್ಲಿ ಹಾರುವಂತಿರಲಿಲ್ಲವಾದ್ದರಿಂದ ಆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಮದ್ರಾಸು ಮುಟ್ಟಿದ್ದು ಮರುದಿನ. ಆ ಚರಿತ್ರೆಯಲ್ಲಿ ಬಳ್ಳಾರಿಗೆ ಒಂದು ರಾತ್ರಿಯ ಪಾಲಿದೆ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ.

ಮಳೆಗಾಲ ಬಂದರೆ ಜುಹು ನೀರಿನಲ್ಲಿ ಮುಳುಗುತ್ತಿತ್ತು, ಆಗ ವಿಮಾನಗಳ ಠಿಕಾಣಿ ಪುಣೆಗೆ. ಇಷ್ಟೆಲ್ಲ ಅಡಚಣೆಗಳ ನಡುವೆಯೂ ಸೇವೆ ಸಮಯಪಾಲನೆಗೆ ಹೆಸರಾಯಿತು. ವಿನ್ಸೆಂಟ್ 1942ರಲ್ಲಿ, ಯುದ್ಧಕಾಲದ ವಿಮಾನಯಾನವೊಂದರಲ್ಲಿ ತೀರಿಕೊಂಡರು. ಜೆ.ಆರ್.ಡಿ. 1982ರ ಅಕ್ಟೋಬರ್ 15ರಂದು, 78ರ ಹರೆಯದಲ್ಲಿ, ಪುಟ್ಟ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಮತ್ತೆ ಹಾರಿದರು. ನಡುವೆ ದೇಶ ಎರಡಾಗಿತ್ತು, ಆಕಾಶಕ್ಕೂ ಗಡಿ ಬಿದ್ದಿತ್ತು. ಆದರೂ ಅವರಿಗೆ ಆ ದಾರಿ ಸಿಕ್ಕಿತು.

ಎಲ್ಲ ಕಾಲಕ್ಕೂ ಹಾಗೆ ಸಿಗಲಿಲ್ಲ. 1971ರಲ್ಲಿ ಕಡಿದ ವಿಮಾನ ಸಂಪರ್ಕ ಮತ್ತೆ ಕೂಡಿದ್ದು 1976ರಲ್ಲಿ. 2002ರ ಆರಂಭದಲ್ಲಿ ನಿಂತದ್ದು 2004ಕ್ಕೆ ಪುನಃ ಶುರುವಾಯಿತು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ನೇರ ಹಾರಾಟವಿಲ್ಲದಾಗ ಕರಾಚಿಯವರು ಮುಂಬೈಗೆ ಬರಲು ದುಬೈ ಸುತ್ತಿ 3,000 ಕಿ.ಮೀ.ಗೂ ಹೆಚ್ಚು ಹಾರಬೇಕು. ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಸೇರಿಸಿದರೆ, ಎತ್ತಿನ ಗಾಡಿಯಲ್ಲಿ ಪೆಟ್ರೋಲ್ ಬರುತ್ತಿದ್ದ ಕಾಲದ ಪ್ರಯಾಣವೇ ಬೇಗ ಮುಗಿಯುತ್ತಿತ್ತು. ಎರಡೂ ದಡಗಳಲ್ಲಿ ಬಂಧುಗಳಿರುವ ಕುಟುಂಬಗಳಿಗಾಗಿಯಾದರೂ ಈ ಹಳೆಯ ದಾರಿ ಮತ್ತೆ ತೆರೆಯಬೇಕು.