ಹವಳವನ್ನು ಬದುಕಿಸಿದ ನೀರು

ಕಡಲಿನಿಂದ ದೂರದ ಊರುಗಳಲ್ಲಿ ಕಡಲಿನ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕಬೇಕೆಂಬ ಕುತೂಹಲವು ಹತ್ತೊಂಬತ್ತನೆಯ ಶತಮಾನದ ಐರೋಪ್ಯರಲ್ಲಿ ಮೊಳೆತಾಗ, ಅದಕ್ಕೆ ಎದುರಾದ ಮೊದಲ ವಿಘ್ನವು ನೀರೇ ಆಗಿತ್ತು. ತೀರದಿಂದ ಎಷ್ಟೇ ಜತನದಿಂದ ಹೊತ್ತು ತಂದರೂ ಅದು ಕೆಲವೇ ದಿನಗಳಲ್ಲಿ ಕೊಳೆತು, ತನ್ನೊಳಗಿನ ಜೀವಿಗಳಿಗೆ ತಾನೇ ವಿಷವಾಗುತ್ತಿತ್ತು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಧರ್ಮಾಧಿಕಾರಿಯೊಬ್ಬರ ಪತ್ನಿಯಾದ ಆನಾ ಥಿನ್ ಎಂಬಾಕೆ 1846ರಲ್ಲಿ ಟಾರ್ಕಿಯ ಕಡಲತೀರದಿಂದ ಕೆಲವು ಹವಳದ ಜೀವಿಗಳನ್ನು, ಪಯಣದಲ್ಲಿ ಉರುಳಾಡದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ರಾಜಧಾನಿಗೆ ತಂದಳು. ಹೊಸ ನೀರನ್ನು ಪದೇ ಪದೇ ತರಿಸುವುದು ದುಸ್ಸಾಧ್ಯವಾದಾಗ, ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿರುವಂತೆ ಮನೆಯ ಸೇವಕಿಗೆ ನೇಮಿಸಿದಳು; ದಿನವೂ ಅರ್ಧ ಗಂಟೆಗೂ ಮೇಲ್ಪಟ್ಟು ನಡೆಯುತ್ತಿದ್ದ ಈ ಶ್ರಮದಿಂದ ವಾಯುವು ನೀರಿನಲ್ಲಿ ಬೆರೆತು ಹವಳಗಳು ಉಳಿದುಕೊಂಡವು. ಮರುವರ್ಷ ಆಕೆ ಕಡಲಪಾಚಿಯನ್ನೂ ಅದರೊಳಗಿರಿಸಿದಳು. ಚರಿತ್ರೆಯು ಯಜಮಾನಿಯನ್ನು ಕೊಂಡಾಡುತ್ತದೆ. ಆದರೆ ಇಂದು ವಿದ್ಯುತ್ ಪಂಪು ಮಾಡುವ ಕೆಲಸವನ್ನು ಮೊದಲು ಮಾಡಿದ್ದು ಆ ಸೇವಕಿಯ ತೋಳುಗಳೆಂಬುದನ್ನು ನಾನು ಮರೆಯಲಾರೆ.

ಸಸ್ಯ ಮತ್ತು ಪ್ರಾಣಿಗಳು ಪರಸ್ಪರ ಪೋಷಿಸುತ್ತ ನೀರನ್ನು ಸಮಸ್ಥಿತಿಯಲ್ಲಿಡಬಲ್ಲವೆಂದು ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ನಿರೂಪಿಸಿದನು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ನಾಲ್ಕು ಲವಣಗಳನ್ನು ಸಿಹಿನೀರಿನಲ್ಲಿ ಕರಗಿಸಿ ಕೃತಕ ಸಮುದ್ರಜಲವನ್ನೇ ಸಿದ್ಧಪಡಿಸಿದನಾದರೂ, ಹವಳವು ತನ್ನ ಮೈಯನ್ನು ಕಟ್ಟಿಕೊಳ್ಳಲು ಬಳಸುವ ಸುಣ್ಣವು ಆ ನಾಲ್ಕರಲ್ಲಿ ಸೇರಿರಲಿಲ್ಲ. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವನದು ಬೇರೆಯೇ ದಾರಿ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಆತನು ಕಟ್ಟಿಸಿದ ಮತ್ಸ್ಯಾಲಯದಲ್ಲಿ ಜನರು ಕಾಣುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಜಲಾಶಯವೊಂದು ನೆಲದಡಿಯ ಕತ್ತಲಿನಲ್ಲಿದ್ದು, ಉಗಿಯಂತ್ರವು ಅದೇ ನೀರನ್ನು ಎಡೆಬಿಡದೆ ಮೇಲೆತ್ತಿ ಇಳಿಸುತ್ತಿತ್ತು. ನೀರನ್ನು ಬದಲಾಯಿಸಬೇಡಿ, ಅದನ್ನು ನಿಲ್ಲಗೊಡಬೇಡಿ ಎಂಬುದು ಅವನ ಸಿದ್ಧಾಂತದ ಸಾರ.

ಅವನ ಪದ್ಧತಿಯು ಏಕೆ ಫಲಿಸಿತೆಂಬುದಕ್ಕೆ ಉತ್ತರ ದೊರೆತದ್ದು 1890ರ ಸುಮಾರಿಗೆ, ಸೆರ್ಗೆಯ್ ವಿನೊಗ್ರಾಡ್‌ಸ್ಕಿಯು ನೈಟ್ರೀಕರಣದ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದ ಮೇಲೆ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವನ್ನು ಕೆಲವು ಜೀವಿಗಳು ನೈಟ್ರೈಟ್ ಆಗಿಯೂ, ಅದನ್ನು ಬೇರೆ ಕೆಲವು ಜೀವಿಗಳು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೀನುಗಳು ಈ ಕಡೆಯ ವಸ್ತುವನ್ನು ಬಹುಮಟ್ಟಿಗೆ ಸಹಿಸಿಕೊಂಡರೂ ಹವಳಗಳು ಸಹಿಸವು. ನೋಡುವ ಕಣ್ಣಿಗೆ ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೇ ಅವು ಕ್ಷೀಣಿಸಿ ಸಾಯುತ್ತಿದ್ದವು. ಹಣವುಳ್ಳವರು ಕಡಲನ್ನೇ ಸಾಗಿಸಿದರು: 1930ರಲ್ಲಿ ಷಿಕಾಗೋದ ಷೆಡ್ ಮತ್ಸ್ಯಾಲಯಕ್ಕಾಗಿ 20 ರೈಲು ಟ್ಯಾಂಕರುಗಳು 8 ಬಾರಿ ಹೋಗಿ ಬಂದು ಫ್ಲಾರಿಡಾದ ಕೀ ವೆಸ್ಟಿನಿಂದ 10 ಲಕ್ಷ ಗ್ಯಾಲನ್ ನೀರನ್ನು ತಂದವು.

ಇದಕ್ಕಿಂತ ಎಷ್ಟೋ ಅಗ್ಗವಾದ, ನನ್ನ ಅಭಿಪ್ರಾಯದಲ್ಲಿ ಎಷ್ಟೋ ಆಳವಾದ ಉಪಾಯವನ್ನು ಇಂಡೋನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬ ಹವ್ಯಾಸಿಯು 1961ರಲ್ಲಿ ಪ್ರಕಟಿಸಿದನು. ಆತನು ಹವಳದ ದಿಬ್ಬದಿಂದ ಜೀವಿಗಳು ಅಂಟಿಕೊಂಡಿದ್ದ ಕಲ್ಲುಗಳನ್ನೇ ತಂದು, ತೊಟ್ಟಿಯಲ್ಲಿ ಜೋಡಿಸಿ, ಗಾಳಿಯ ಗುಳ್ಳೆಗಳನ್ನು ಮಾತ್ರ ಹಾಯಿಸಿದನು. ಕಲ್ಲಿನ ಹೊರಮೈಯಲ್ಲಿ ಅಮೋನಿಯದ ಶೋಧನೆಯೂ, ಆಮ್ಲಜನಕವು ತಲುಪದ ಅದರ ಒಳರಂಧ್ರಗಳಲ್ಲಿ ನೈಟ್ರೇಟಿನ ವಿಘಟನೆಯೂ ನಡೆದು, ಕಡೆಗೆ ನೈಟ್ರೊಜನ್ ಗಾಳಿಗೆ ಸೇರುತ್ತಿತ್ತು.

ಗಾಸನು ಬಿಟ್ಟ ಸುಣ್ಣವು ಮರಳಿ ಬರಲು ಮತ್ತೊಂದು ದಶಕವೇ ಬೇಕಾಯಿತು. ಆವಿಯಾಗಿ ಕುಂದಿದಷ್ಟು ನೀರನ್ನು ಸುಣ್ಣದ ತಿಳಿನೀರಿನಿಂದಲೇ ತುಂಬಬೇಕೆಂದು 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಜರ್ಮನ್ ಭಾಷೆಯಲ್ಲಿ ಬರೆದನು; ನಮ್ಮ ಅಜ್ಜಿಯರು ತಾಂಬೂಲಕ್ಕೆಂದು ಸುಣ್ಣ ಕಲಸಿದ ಗಡಿಗೆಯ ಮೇಲೆ ನಿಲ್ಲುವ ತೆಳುನೀರಿನಂಥದೇ ಈ ದ್ರವ. ಲೀಟರಿಗೆ 400 ಮಿಲಿಗ್ರಾಮಿಗೆ ಸಮೀಪವಾದ ಕ್ಯಾಲ್ಸಿಯಂ ಪ್ರಮಾಣವು ಕುಸಿಯದಂತೆ ಅದು ಕಾಯುತ್ತಿತ್ತು. ನೊರೆಯೆಬ್ಬಿಸಿ ಕಲ್ಮಷವನ್ನು ತೆಗೆಯುವ ಯಂತ್ರವೂ ಜರ್ಮನಿಯಲ್ಲಿಯೇ ಬಳಕೆಗೆ ಬಂದಿತು.

ಇವೆಲ್ಲಕ್ಕೂ ದೊಡ್ಡ ಪರೀಕ್ಷೆಯು ನಡೆದದ್ದು ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ. 1987ರಲ್ಲಿ ಅಲ್ಲಿ ತೆರೆದ ಸುಮಾರು 25 ಲಕ್ಷ ಲೀಟರುಗಳ, ಬಯಲ ಬಿಸಿಲಿಗೆ ಮೈಯೊಡ್ಡಿದ ಹವಳದ ತೊಟ್ಟಿಗೆ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿಯ ಪದ್ಧತಿಯನ್ನು ಅಳವಡಿಸಲಾಗಿತ್ತು. ಜಾಲರಿಗಳ ಮೇಲೆ ಪಾಚಿಯನ್ನು ಬೆಳೆಸಿ, ಅದು ನೀರಿನ ಪೋಷಕದ್ರವ್ಯಗಳನ್ನು ಹೀರಿಕೊಂಡ ಬಳಿಕ ಕೆರೆದು ತೆಗೆಯುವುದೇ ಆ ಪದ್ಧತಿ. ಪಾಚಿಯು ನೀರನ್ನು ಹಳದಿಗೆ ತಿರುಗಿಸುತ್ತದೆಂದು ಆಕ್ಷೇಪಿಸಿದವರು ಹಲವರಿದ್ದರು, ಅದು ನಿರಾಧಾರವೂ ಆಗಿರಲಿಲ್ಲ.

ಪಾಚಿಯ ಪಕ್ಷದವರೂ ಯಂತ್ರದ ಪಕ್ಷದವರೂ ಬಹುಕಾಲ ವಾದಿಸಿದರು. ಆದರೂ ಇಂದು ಹವಳದ ತೊಟ್ಟಿಯನ್ನು ಕಟ್ಟುವವರು ಯಾವ ಯಂತ್ರವನ್ನು ಕೊಂಡರೂ, ಮೊದಲು ಮಾಡುವ ಕೆಲಸವು ಲೀ ಚಿನ್ ಎಂಗನು ಮಾಡಿದಂತೆ ಕಲ್ಲುಗಳನ್ನು ಜೋಡಿಸುವುದು, ಆಮೇಲೆ ಅಮೋನಿಯವು ಶೂನ್ಯಕ್ಕಿಳಿಯುವ ತನಕ ವಾರಗಟ್ಟಲೆ ಕಾಯುವುದು.