ಅಳತೆ ಕೊಟ್ಟು ಟೋಪಿ ಹಾಕಿಸಿಕೊಂಡ ಕಥೆ

ಟೋಪಿ ಹಾಕಿಸಿಕೊಳ್ಳೋದು ನನಗೆ ಹೊಸತೇನೂ ಅಲ್ಲ. ಬೆಂಗಳೂರಿಗೆ ಬಂದ ಮೇಲೆ ಮನೆ ಬ್ರೋಕರ್‌ನಿಂದ ಹಿಡಿದು ಸೆಕೆಂಡ್ ಹ್ಯಾಂಡ್ ಬೈಕ್ ಮಾರಿದವನವರೆಗೆ ಎಲ್ಲರೂ ಹಾಕಿದ್ದಾರೆ. ಆದರೆ ತಲೆಯ ಅಳತೆ ಕೊಟ್ಟು, ದುಡ್ಡೂ ಕೊಟ್ಟು, ಮೂರು ದಿನ ಕಾದು ಟೋಪಿ ಹಾಕಿಸಿಕೊಂಡದ್ದು ಮಾತ್ರ ಇದೇ ಮೊದಲು.

ಆದದ್ದಿಷ್ಟು. ರಾಜ್ಯೋತ್ಸವದ ದಿನ ಎಲ್ಲರೂ ಅವರವರ ಊರಿನ ಉಡುಪಿನಲ್ಲಿ ಬರಬೇಕು ಅಂತ ಆಫೀಸಿನಲ್ಲಿ ಮೇಲ್ ಬಂತು. ಮೈಸೂರಿನವನು ಪೇಟ ಅಂದ. ನಮ್ಮ ಲೀಡ್, 'ನನ್ನ ಹತ್ರ ಒಂದು ಫೆಡೋರಾ ಇದೆ, ಅದನ್ನೇ ಹಾಕ್ಕೊಂಡು ಬರ್ತೀನಿ' ಅಂದರು. ನಾನು ಬಂಟ್ವಾಳ ತಾಲೂಕಿನ ಪುಂಜಾಲಕಟ್ಟೆಯವನು. 'ಮುಟ್ಟಾಳೆ' ಅಂದೆ. 'ಯಾರಿಗೋ ಬೈತಿದೀಯಾ?' ಅಂತ ಪಕ್ಕದವನು ತಿರುಗಿ ನೋಡಿದ. ಅವನಿಗೆ ಕೇಳಿಸಿದ್ದು ಮುಠ್ಠಾಳ! :)

ಗೊತ್ತಿಲ್ಲದವರಿಗಾಗಿ: ಮುಟ್ಟಾಳೆ ಅಂದರೆ ಅಡಿಕೆ ಹಾಳೆಯ ಟೊಪ್ಪಿ. ತುಳುವಿನಲ್ಲಿ ಹಾಳೆಗೆ ಪಾಳೆ ಅಂತಾರೆ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಪ್ರತಿ ಸೋಗೆಯ ಬುಡದಲ್ಲೂ ಚರ್ಮದ ಹಾಗಿರುವ ಅಗಲವಾದ ಹಾಳೆ. ಅದರ ಮೇಲೆ ಕೂತು ಎಳೆಸಿಕೊಂಡು ಚಡ್ಡಿ ಹರಿದುಕೊಳ್ಳದ ಹುಡುಗರು ನಮ್ಮ ಕಡೆ ಇರಲಿಕ್ಕಿಲ್ಲ. ಈಗ ಹೆಚ್ಚಿನ ಹಾಳೆ ತಟ್ಟೆ ಮಾಡುವ ಮೆಷಿನ್‌ಗಳಿಗೆ ಹೋಗುತ್ತದೆ. ಹಿಂದೆ ತಲೆಗೂ ಬರುತ್ತಿತ್ತು.

ಅಕ್ಟೋಬರಿನಲ್ಲಿ ಊರಿಗೆ ಹೋದಾಗ ಅಪ್ಪ ತಮ್ಮ ಪರಿಚಯದ ಒಬ್ಬರ ಮನೆಗೆ ಕರೆದುಕೊಂಡು ಹೋದರು. ವಯಸ್ಸು ಎಪ್ಪತ್ತು ದಾಟಿದೆ, ಈಗ ಮರ ಹತ್ತುವುದಿಲ್ಲ. ನಾನು ದರ್ಜಿಯ ಟೇಪ್ ಬರುತ್ತದೆ ಅಂದುಕೊಂಡಿದ್ದೆ. ಅವರು ಒಂದು ಬಾಳೆನಾರನ್ನು ನನ್ನ ಹಣೆಯ ಸುತ್ತ ಹಿಡಿದು ಗಂಟು ಹಾಕಿದರು, ಅಷ್ಟೇ ಅಳತೆ. 'ಒಂದು ಬೆರಳು ದೊಡ್ಡದೇ ಇರಲಿ ಮಗಾ, ಒಣಗುವಾಗ ಕೂತುಕೊಳ್ತದೆ' ಅಂದರು.

ಬಿರುಕಿಲ್ಲದ, ಕಪ್ಪು ಚುಕ್ಕೆ ಬೀಳದ ಹಾಳೆ ಆರಿಸುವುದಕ್ಕೇ ಅರ್ಧ ಗಂಟೆ ಹೋಯ್ತು. ಅದನ್ನು ರಾತ್ರಿಯಿಡೀ ನೀರಲ್ಲಿ ಹಾಕಿಟ್ಟರು. ಮರುದಿನ ಒಳಗಿನ ತೆಳು ಪೊರೆಯನ್ನು ಉಗುರಿನಲ್ಲಿ ಎಬ್ಬಿಸಿ ಕಾಗದದ ಹಾಗೆ ಸುಲಿದು ತೆಗೆದರು. ಮೆತ್ತಗಾದ ಹಾಳೆಯ ಎರಡು ತುದಿ ನೆರಿಗೆ ಹಿಡಿದು ಮಡಚಿ, ದೊಡ್ಡ ಸೂಜಿಯಲ್ಲಿ ಹೊಲಿದರು. ಆಮೇಲೆ ಕಾಲು ಮಡಚಿ ಕೂತು, ತಮ್ಮ ಮೊಣಕಾಲಿನ ಮೇಲೆ ಅದನ್ನು ಕವುಚಿ ಒತ್ತಿ ಒತ್ತಿ ಗುಂಡಗೆ ಮಾಡಿದರು. ನೆರಳಲ್ಲಿ ಒಣಗಿಸಿ, ಅಂಚು ಕತ್ತರಿಸಿದರೆ ಮುಗೀತು. 'ಹಾಳೆ ಪುಕ್ಕಟೆ, ಕೈಗೆ ಮಾತ್ರ ನೂರೈವತ್ತು' ಅಂತ ನಕ್ಕರು.

ಫೆಡೋರಾ ಮಾಡುವವರೂ ಇದನ್ನೇ ಮಾಡುವುದು ನೋಡಿ. ಮೊಲ ಅಥವಾ ಬೀವರ್‌ನ ತುಪ್ಪಳದ ಫೆಲ್ಟನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಮರದ ಅಚ್ಚಿಗೆ ಎಳೆದು ಕೂರಿಸುತ್ತಾರೆ. ಅಲ್ಲಿ ಹಬೆ, ಇಲ್ಲಿ ನೀರು. ಅಲ್ಲಿ ಅಚ್ಚು, ಇಲ್ಲಿ ಮೊಣಕಾಲು. ಫೆಡೋರಾಕ್ಕೆ ಆ ಹೆಸರು ಬಂದದ್ದು 1882ರ ಒಂದು ಫ್ರೆಂಚ್ ನಾಟಕದಿಂದ. ನಾಯಕಿಯ ಹೆಸರೇ ಫೆಡೋರಾ, ಪಾತ್ರ ಮಾಡಿದವಳು ಸಾರಾ ಬರ್ನ್‌ಹಾರ್ಟ್. ಆ ಕಾಲದಲ್ಲಿ ತುಪ್ಪಳ ಹದಮಾಡಲು ಪಾದರಸ ಬಳಸಿ, ಟೋಪಿ ಕೆಲಸದವರಿಗೆ ಕೈನಡುಕ, ಬುದ್ಧಿಭ್ರಮಣೆ ಬರುತ್ತಿತ್ತು. ಚಂದದ ಟೋಪಿ ಒಬ್ಬರ ತಲೆಗೆ, ಅದರ ಕಾಯಿಲೆ ಇನ್ನೊಬ್ಬರ ತಲೆಗೆ.

ನಮ್ಮ ಮುಟ್ಟಾಳೆಯಲ್ಲಿ ಪಾದರಸ ಇಲ್ಲ, ಸರಿ. ಬೇರೆ ಏನಿತ್ತು ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ.

ಖುಷಿಯಲ್ಲಿ ಟೊಪ್ಪಿ ಹಾಕಿಕೊಂಡೇ ಅಂಗಳಕ್ಕೆ ಬಂದೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ನನ್ನನ್ನು ನೋಡಿ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿನ್ನ ಅಜ್ಜನ ಹಾಗೇ ಕಾಣ್ತಿ' ಅಂದರು. ಆಮೇಲೆ ಹೇಳಿದರು.

ಅಜ್ಜ ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗಾದರೆ ಭೂಮಿಯಲ್ಲಿ ಶಾಶ್ವತ ಹಕ್ಕು ಇರುತ್ತಿತ್ತು. ಚಾಲಗೇಣಿಯವರು ದಣಿಗಳು ಏಳು ಅಂದರೆ ಏಳಬೇಕು. ಗೇಣಿಯ ಅಕ್ಕಿಮುಡಿ ಹೊತ್ತುಕೊಂಡು ಹೋಗುವಾಗ ಅಜ್ಜನ ತಲೆಯಲ್ಲಿ ಮುಟ್ಟಾಳೆ. ಬಿಸಿಲಿಗೂ ಅದೇ, ಭಾರಕ್ಕೂ ಅದೇ. ದಣಿಗಳ ಅಂಗಳದ ಅಂಚು ಬಂದ ಕೂಡಲೇ ಅದು ತಲೆಯಿಂದ ಇಳಿದು ಕಂಕುಳಿಗೆ ಬರಬೇಕು. ಮಳೆ ಹೊಯ್ಯುತ್ತಿದ್ದರೂ ಅಷ್ಟೇ. ಮುಡಿ ಅಳೆದು ಮುಗಿಯುವವರೆಗೆ ಅಜ್ಜ ಬರಿತಲೆಯಲ್ಲಿ ನಿಂತಿರುತ್ತಿದ್ದರಂತೆ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಸರಕಾರದ ವಶ, ಉಳುವವರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಹಕ್ಕು ಪಡೆಯಬಹುದು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇವತ್ತಿಗೂ ಹೆಸರು 'ಡಿಕ್ಲರೇಶನ್'. ಅರ್ಜಿ ಕೊಡುವ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ರವರೆಗೆ ಬಂತು. ಮೊದಮೊದಲು ಈ ಟ್ರಿಬ್ಯೂನಲ್‌ಗಳಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಒಕ್ಕಲು ತಾನೇ ನಿಂತು ಹೇಳಬೇಕು. ಕಾರಂತರ ಚೋಮ ತನ್ನದೇ ಬೇಸಾಯದ ಕನಸು ಕಂಡು ಸತ್ತದ್ದು 1933ರ ಕಾದಂಬರಿಯಲ್ಲಿ. ಅದಾಗಿ ನಲವತ್ತು ವರ್ಷ ಕಳೆದ ಮೇಲೆ ನಮ್ಮ ಅಜ್ಜ ಬಂಟ್ವಾಳಕ್ಕೆ ಹೋಗಿ, 'ಈ ಗದ್ದೆ ಉಳುವವ ನಾನು' ಅಂತ ದಣಿಗಳ ಎದುರೇ ಹೇಳಿಬಂದರು. ಒಂದೂವರೆ ಎಕರೆ ಸಿಕ್ಕಿತು. ಈಗ ನಾವು ಅಡಿಕೆ ಹಾಕಿರುವುದು ಅದರಲ್ಲೇ. ನಾನು ಇಂಜಿನಿಯರಿಂಗ್ ಓದಿದ್ದೂ ಆ ಅಡಿಕೆಯಲ್ಲೇ.

'ಹಾಗಾದರೆ ಆಮೇಲೆ ಅಜ್ಜ ಮುಟ್ಟಾಳೆ ಬಿಸಾಡಿದರಾ?' ಅಂತ ಕೇಳಿದೆ. ನಾಟಕದ ಕೊನೆಯ ದೃಶ್ಯದ ಹಾಗೆ ಏನೋ ಬರುತ್ತದೆ ಅಂದುಕೊಂಡಿದ್ದೆ.

'ಯಾಕೆ ಬಿಸಾಡುದು? ತೋಟಕ್ಕೆ ಹೋಗುವಾಗ ಸಾಯುವವರೆಗೂ ಹಾಕಿದ್ರು. ಟೊಪ್ಪಿ ಎಂತ ಮಾಡಿದೆ ಮಗಾ? ತೆಗೀಬೇಕಿತ್ತಲ್ಲ, ಅದು ಕೆಟ್ಟದ್ದು.'

ಈಗ ತುಳು ಸಮ್ಮೇಳನಗಳ ವೇದಿಕೆಯಲ್ಲಿ ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಗೌರವ ಮಾಡುತ್ತಾರೆ. ನೋಡಲಿಕ್ಕೆ ಚಂದವೇ. ಕೊರಗಜ್ಜನ ತಲೆಯಲ್ಲೂ ಅದೇ ಮುಟ್ಟಾಳೆ, ನಾವೆಲ್ಲ ಅವನಿಗೆ ಕೈಮುಗಿಯುತ್ತೇವೆ. ಆದರೆ ಅವನ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಒಂದು ಕಾನೂನೇ ತರಬೇಕಾಯ್ತು. ಟೊಪ್ಪಿಗೆ ಮರ್ಯಾದೆ ಕೊಡುವುದು ಸುಲಭ, ಅದರ ಕೆಳಗಿದ್ದ ತಲೆಗೆ ಕೊಡುವುದಕ್ಕೇ ನಾವು ಇಷ್ಟು ತಡ ಮಾಡಿದ್ದು.

ರಾಜ್ಯೋತ್ಸವಕ್ಕೆ ಹಾಕಿಕೊಂಡು ಹೋದೆ. ಎಲ್ಲರೂ ತಲೆಗಿಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಲೀಡ್ ಅಂತೂ ತಮ್ಮ ಫೆಡೋರಾ ಬದಲಿಗೆ ಇದನ್ನು ಕೊಡ್ತೀಯಾ ಅಂತ ಕೇಳಿದರು. ಕೊಡಲಿಲ್ಲ. ಈಗ ಅದು ನನ್ನ ಮಾನಿಟರ್ ಪಕ್ಕದಲ್ಲಿದೆ. ಆ ಹಿರಿಯರು ಹೇಳಿದ ಹಾಗೇ ಒಣಗಿ ಒಂದು ಬೆರಳು ಒಳಗೆ ಹೋಗಿ, ತಲೆಗೆ ಸರಿಯಾಗಿ ಕೂತಿದೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಮುಟ್ಟಾಳೆ ಇರಬಹುದು, ಮಾರಾಯ್ರೆ. ಮನೆಯಲ್ಲಿ ಅಜ್ಜಿ ಇದ್ದರೆ, ಅದನ್ನು ಎಲ್ಲೆಲ್ಲಿ ತೆಗೆಯಬೇಕಿತ್ತು ಅಂತ ಒಮ್ಮೆ ಕೇಳಿ ನೋಡಿ.